ಕಾನೂನಿಗೂ ನ್ಯಾಯಕ್ಕೂ ಇರುವ ನಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ನ್ಯಾಯದ ಸಿದ್ಧಾಂತಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಕೇಳಿದ ರೀತಿ ಬೇರೆ ಬೇರೆಯಾದರೂ ಹೆಚ್ಚಿನವುಗಳ ಬುಡದಲ್ಲಿ ಒಂದೇ ಗೊಂದಲ ಕಾಣುತ್ತದೆ. ಒಂದು ನಿಯಮ ಕಾನೂನು ಹೌದೋ ಅಲ್ಲವೋ ಎಂದು ಕೇಳುವುದು, ಅದು ನ್ಯಾಯವೋ ಅಲ್ಲವೋ ಎಂದು ಕೇಳುವುದು, ಅದನ್ನು ನಾನು ಪಾಲಿಸಬೇಕೋ ಬೇಡವೋ ಎಂದು ಕೇಳುವುದು, ಇವು ಮೂರು ಬೇರೆ ಪ್ರಶ್ನೆಗಳು. ಒಂದಕ್ಕೆ ಉತ್ತರ ಸಿಕ್ಕಿತೆಂದರೆ ಉಳಿದೆರಡಕ್ಕೂ ಸಿಕ್ಕಿತು ಎಂದುಕೊಳ್ಳುವುದರಿಂದಲೇ ಚರ್ಚೆಗಳು ದಾರಿ ತಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಅನ್ಯಾಯದ ಕಾನೂನು ಕಾನೂನೇ ಅಲ್ಲ ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಆದರೆ ಅಂಥ ಕಾನೂನಿನಡಿಯಲ್ಲೇ ಜನ ಸೆರೆಮನೆಗೆ ಹೋಗುತ್ತಾರೆ. ಹಾಗಿದ್ದ ಮೇಲೆ ಈ ಮಾತಿಗೆ ಅರ್ಥವಿದೆಯೇ?

ಉತ್ತರ: ಈ ಮಾತಿನ ಮೂಲ ಪ್ರಾಚೀನ ಕ್ರೈಸ್ತ ಚಿಂತಕ ಸಂತ ಅಗಸ್ಟೀನನಲ್ಲಿದೆ. ನ್ಯಾಯವಲ್ಲದ ಕಾನೂನು ತನಗೆ ಕಾನೂನೆಂದೇ ತೋರುವುದಿಲ್ಲ ಎಂದು ಆತ ಬರೆದಿದ್ದ. ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ಅದನ್ನು ಎತ್ತಿಕೊಂಡು ಹೆಚ್ಚು ಎಚ್ಚರದಿಂದ ಬೆಳೆಸಿದ. ಎಲ್ಲರ ಹಿತಕ್ಕಲ್ಲದೆ ಆಳುವವನ ದುರಾಸೆಗಾಗಿ ಮಾಡಿದ ಕಾನೂನು, ತನಗಿರುವ ಅಧಿಕಾರದ ಮೇರೆ ಮೀರಿ ಮಾಡಿದ ಕಾನೂನು, ಹೊರೆಯನ್ನು ಜನರ ಮೇಲೆ ಏರುಪೇರಾಗಿ ಹೇರುವ ಕಾನೂನು, ಇವೆಲ್ಲ ಕಾನೂನು ಎನ್ನಿಸಿಕೊಳ್ಳುವುದಕ್ಕಿಂತ ಬಲಾತ್ಕಾರ ಎನ್ನಿಸಿಕೊಳ್ಳಲು ಹೆಚ್ಚು ಯೋಗ್ಯ ಎಂದ. ಅವು ಮನಸ್ಸಾಕ್ಷಿಯನ್ನು ಕಟ್ಟಿಹಾಕಲಾರವು ಎಂದ. ಆದರೂ ಗದ್ದಲ, ಅವ್ಯವಸ್ಥೆಗಳನ್ನು ತಪ್ಪಿಸುವ ಸಲುವಾಗಿ ಕೆಲವೊಮ್ಮೆ ಅವುಗಳಿಗೂ ತಲೆಬಾಗಬೇಕಾದೀತು ಎಂದೂ ಸೇರಿಸಿದ. ಅಂದರೆ ಅಂಥ ಕಾನೂನಿನಡಿಯಲ್ಲಿ ಯಾರೂ ಸೆರೆಮನೆಗೆ ಹೋಗುವುದಿಲ್ಲ ಎಂದು ಅಕ್ವಿನಾಸ್ ಹೇಳುತ್ತಿಲ್ಲ. ಕಾನೂನಿಗೆ ಸಲ್ಲಬೇಕಾದ ನೈತಿಕ ಗೌರವ ಅದಕ್ಕೆ ಸಲ್ಲುವುದಿಲ್ಲ ಎನ್ನುತ್ತಾನೆ. ಹೀಗೆ ಓದಿದರೆ ನಿಮ್ಮ ಆಕ್ಷೇಪ ಅವನಿಗೆ ತಟ್ಟುವುದಿಲ್ಲ.

ಇದಕ್ಕೆ ನೇರ ಎದುರಾಗಿ ನಿಂತವರು ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಮ್ ಮತ್ತು ಅವರ ಹಾದಿಯಲ್ಲಿ ನಡೆದ ಜಾನ್ ಆಸ್ಟಿನ್. ಕಾನೂನು ಇದೆಯೇ ಎಂಬುದು ಒಂದು ವಿಷಯ, ಅದು ಒಳ್ಳೆಯದೇ ಕೆಟ್ಟದ್ದೇ ಎಂಬುದು ಬೇರೆ ವಿಷಯ ಎಂದು ಆಸ್ಟಿನ್ 1832ರಲ್ಲಿ ಖಡಾಖಂಡಿತವಾಗಿ ಬರೆದರು. ಈ ನಿಲುವಿಗೆ ಕಾನೂನು ಪಾಸಿಟಿವಿಸಂ ಎಂಬ ಹೆಸರು ಬಂತು. ಪಾಸಿಟಿವಿಸ್ಟರಿಗೆ ನ್ಯಾಯದ ಬಗ್ಗೆ ಕಾಳಜಿಯಿಲ್ಲ ಎಂಬ ಆರೋಪ ಆಗಿನಿಂದಲೂ ಇದೆ, ಆದರೆ ಅದು ಸುಳ್ಳು. ಬೆಂಥಮ್‌ರಷ್ಟು ಹಟ ಹಿಡಿದು ಕಾನೂನು ಸುಧಾರಣೆಗೆ ದುಡಿದವರು ಕಡಿಮೆ. ಇರುವ ಕಾನೂನನ್ನು ಇರುವಂತೆ ನೋಡಿದರೆ ಮಾತ್ರ ಅದು ಹೇಗಿರಬೇಕಿತ್ತು ಎಂದು ಟೀಕಿಸಲು ಸಾಧ್ಯ ಎಂಬುದು ಅವರ ವಾದ.

ಈ ಜಗಳ ಪುಸ್ತಕದ ಹೊರಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರದ ಜರ್ಮನಿಯಲ್ಲಿ. ಗುಸ್ತಾವ್ ರಾಡ್‌ಬ್ರುಖ್ ನಾಜಿಗಳಿಗಿಂತ ಮುಂಚಿನ ಜರ್ಮನಿಯ ವೈಮಾರ್ ಗಣರಾಜ್ಯದಲ್ಲಿ ನ್ಯಾಯಾಂಗ ಸಚಿವರಾಗಿದ್ದವರು, ಹೈಡೆಲ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದವರು. ನಾಜಿಗಳು 1933ರಲ್ಲಿ ಅವರನ್ನು ಆ ಹುದ್ದೆಯಿಂದ ಕಿತ್ತುಹಾಕಿದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅವರು ಒಂದು ಲೇಖನ ಬರೆದರು. ಸಾಮಾನ್ಯವಾಗಿ ಶಾಸನ ಅನ್ಯಾಯವಾಗಿದ್ದರೂ ಅದಕ್ಕೇ ಮನ್ನಣೆ ಸಲ್ಲಬೇಕು, ಏಕೆಂದರೆ ಕಾನೂನಿನ ಖಚಿತತೆಯೂ ಒಂದು ಬೆಲೆಯುಳ್ಳ ವಸ್ತು. ಆದರೆ ಶಾಸನಕ್ಕೂ ನ್ಯಾಯಕ್ಕೂ ನಡುವಿನ ವಿರೋಧ ಸಹಿಸಲಾಗದ ಮಟ್ಟ ಮುಟ್ಟಿದಾಗ ಶಾಸನ ಹಿಂದೆ ಸರಿಯಬೇಕು. ಇನ್ನು, ನ್ಯಾಯದ ತಿರುಳಾದ ಸಮಾನತೆಯನ್ನು ಬೇಕೆಂದೇ ತುಳಿದು ಮಾಡಿದ ಶಾಸನಕ್ಕೆ ಕಾನೂನಿನ ಸ್ವಭಾವವೇ ಇರುವುದಿಲ್ಲ. ರಾಡ್‌ಬ್ರುಖ್ ಸೂತ್ರ ಎಂದು ಹೆಸರಾದದ್ದು ಇದೇ. ಅನ್ಯಾಯವಾದ ಮಾತ್ರಕ್ಕೆ ಕಾನೂನು ಬಿದ್ದುಹೋಗುತ್ತದೆ ಎಂದು ಅದು ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಹೊಸ್ತಿಲನ್ನು ಬಹಳ ಎತ್ತರದಲ್ಲಿ ಇಟ್ಟಿದೆ.

ಆಗ ಜರ್ಮನ್ ನ್ಯಾಯಾಲಯಗಳ ಮುಂದೆ ಬಂದ ಒಂದು ಪ್ರಕರಣವನ್ನು ಹತ್ತಿರದಿಂದ ನೋಡೋಣ. ಗಂಡನಿಂದ ಬಿಡಿಸಿಕೊಳ್ಳಬೇಕೆಂದಿದ್ದ ಒಬ್ಬ ಹೆಂಗಸು, ರಜೆಯ ಮೇಲೆ ಮನೆಗೆ ಬಂದಿದ್ದ ಸೈನಿಕ ಗಂಡ ಹಿಟ್ಲರನನ್ನು ಬೈದನೆಂದು 1944ರಲ್ಲಿ ಅಧಿಕಾರಿಗಳಿಗೆ ದೂರು ಕೊಟ್ಟಳು. ಅಂಥ ಮಾತುಗಳನ್ನು ಅಪರಾಧವಾಗಿಸುವ ಶಾಸನ ಆಗ ಜಾರಿಯಲ್ಲಿತ್ತು. ಗಂಡನಿಗೆ ಮರಣದಂಡನೆಯಾಯಿತು, ಆದರೆ ಅವನನ್ನು ಕೊಲ್ಲದೆ ಯುದ್ಧರಂಗಕ್ಕೆ ಕಳುಹಿಸಿದರು. ಯುದ್ಧಾನಂತರ ಹೆಂಡತಿಯ ಮೇಲೆ ಮೊಕದ್ದಮೆ ನಡೆಯಿತು. ತಾನು ಕಾನೂನು ಬಿಟ್ಟು ಏನನ್ನೂ ಮಾಡಲಿಲ್ಲ ಎಂಬುದು ಅವಳ ವಾದ. ಬೇರೊಬ್ಬನ ಸ್ವಾತಂತ್ರ್ಯವನ್ನು ಅಕ್ರಮವಾಗಿ ಕಸಿದ ಅಪರಾಧ ಅವಳ ಮೇಲೆ ನಿಲ್ಲುತ್ತದೆ ಎಂದು ಬಾಂಬರ್ಗ್‌ನ ಮೇಲ್ಮನವಿ ನ್ಯಾಯಾಲಯ 1949ರಲ್ಲಿ ತೀರ್ಮಾನಿಸಿತು.

ಆಕ್ಸ್‌ಫರ್ಡಿನ ಪಾಸಿಟಿವಿಸ್ಟ್ ಚಿಂತಕ ಎಚ್.ಎಲ್.ಎ. ಹಾರ್ಟ್ ಈ ಪ್ರಕರಣವನ್ನೇ ಹಿಡಿದುಕೊಂಡು 1958ರಲ್ಲಿ ಒಂದು ಕಾನೂನು ಪತ್ರಿಕೆಯಲ್ಲಿ ರಾಡ್‌ಬ್ರುಖ್‌ರನ್ನು ವಿಮರ್ಶಿಸಿದರು. ನಾಜಿ ಶಾಸನ ಕಾನೂನೇ ಆಗಿರಲಿಲ್ಲ ಎಂದುಬಿಟ್ಟರೆ, ನಾವು ಮಾಡುತ್ತಿರುವ ಕಷ್ಟದ ಆಯ್ಕೆಯೊಂದು ಕಣ್ಣಿಗೆ ಬೀಳದಂತೆ ಮುಚ್ಚಿಹೋಗುತ್ತದೆ ಎಂಬುದು ಅವರ ಮಾತಿನ ಸಾರ. ಒಂದೋ ಆ ಹೆಂಗಸನ್ನು ಶಿಕ್ಷಿಸದೆ ಬಿಡಬೇಕು, ಇಲ್ಲವೇ ಹಿಂದಿನ ಕೃತ್ಯಕ್ಕೆ ಈಗ ಅನ್ವಯವಾಗುವ ಕಾನೂನನ್ನು ಬಹಿರಂಗವಾಗಿ ಮಾಡಿ ಶಿಕ್ಷಿಸಬೇಕು. ಎರಡರಲ್ಲೂ ಕೇಡಿದೆ, ಯಾವ ಕೇಡನ್ನು ಆರಿಸಿಕೊಂಡೆವು ಎಂಬುದನ್ನಾದರೂ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳೋಣ ಎಂದರು. ಇದು ಕಾನೂನು ಹೌದು, ಆದರೆ ಪಾಲಿಸಲಾಗದಷ್ಟು ನೀಚವಾದ ಕಾನೂನು ಎಂದು ಹೇಳುವ ಧೈರ್ಯ ಬೇಕು ಎಂಬುದು ಹಾರ್ಟ್ ನಿಲುವು. (ನಿಜವಾಗಿ ಬಾಂಬರ್ಗ್ ನ್ಯಾಯಾಲಯ ಆ ಶಾಸನವನ್ನು ಅಸಿಂಧು ಎಂದು ಸಾರಿರಲೇ ಇಲ್ಲ, ಹಾರ್ಟ್ ನಂಬಿದ್ದ ವರದಿ ತಪ್ಪಾಗಿತ್ತು. ಇದನ್ನು ಅವರೇ ತಮ್ಮ ಮುಂದಿನ ಪುಸ್ತಕದ ಟಿಪ್ಪಣಿಯಲ್ಲಿ ಒಪ್ಪಿದ್ದಾರೆ. ವಾದ ಮಾತ್ರ ಹಾಗೆಯೇ ಉಳಿದಿದೆ.)

ಅದೇ ವರ್ಷ ಅದೇ ಪತ್ರಿಕೆಯಲ್ಲಿ ಅಮೆರಿಕದ ಕಾನೂನು ಚಿಂತಕ ಲಾನ್ ಫುಲ್ಲರ್ ಹಾರ್ಟ್‌ಗೆ ಉತ್ತರ ಕೊಟ್ಟರು. ನಾಜಿ ಆಡಳಿತ ಗುಟ್ಟಾದ ಆಜ್ಞೆಗಳಿಂದ, ಹಿಂದಿನ ಕೊಲೆಗಳನ್ನು ಸಕ್ರಮಗೊಳಿಸುವ ಶಾಸನಗಳಿಂದ, ಬರೆದ ನಿಯಮವನ್ನು ಬೇಕಾದಾಗ ಬದಿಗೆ ತಳ್ಳುವ ನ್ಯಾಯಾಲಯಗಳಿಂದ ತುಂಬಿತ್ತು. ಅಂಥದ್ದನ್ನು ಕಾನೂನಿನ ವ್ಯವಸ್ಥೆ ಎಂದು ಕರೆಯುವುದಾದರೂ ಹೇಗೆ ಎಂದು ಕೇಳಿದರು. 1964ರ ಪುಸ್ತಕದಲ್ಲಿ ಅವರು ಇದನ್ನು ಎಂಟು ಬೇಡಿಕೆಗಳಾಗಿ ಬಿಡಿಸಿಟ್ಟರು: ನಿಯಮ ಎಲ್ಲರಿಗೂ ಅನ್ವಯವಾಗುವ ಸಾಮಾನ್ಯ ರೂಪದಲ್ಲಿರಬೇಕು, ಜನರಿಗೆ ತಿಳಿದಿರಬೇಕು, ಮುಂದಿನದಕ್ಕೆ ಅನ್ವಯವಾಗಬೇಕು, ಅರ್ಥವಾಗುವಂತಿರಬೇಕು, ಒಂದಕ್ಕೊಂದು ವಿರುದ್ಧವಾಗಿರಬಾರದು, ಪಾಲಿಸಲು ಸಾಧ್ಯವಿರಬೇಕು, ದಿನಬೆಳಗಾದರೆ ಬದಲಾಗಬಾರದು, ಅಧಿಕಾರಿಗಳು ನಡೆದುಕೊಳ್ಳುವ ರೀತಿ ಬರೆದದ್ದಕ್ಕೆ ಹೊಂದಬೇಕು. ಇದನ್ನು ಕಾನೂನಿನ ಒಳಗಿನ ನೀತಿ ಎಂದು ಅವರು ಕರೆದರು. ಹಾರ್ಟ್ ಸುಮ್ಮನಿರಲಿಲ್ಲ: ವಿಷ ಹಾಕುವುದಕ್ಕೂ ಅದರದೇ ಆದ ಕುಶಲ ನಿಯಮಗಳಿರುತ್ತವೆ, ಅವನ್ನು ನೀತಿ ಎನ್ನುತ್ತೇವೆಯೇ ಎಂದು ಮರುಪ್ರಶ್ನೆ ಹಾಕಿದರು.

ನನ್ನ ಒಲವು ಹಾರ್ಟ್ ಕಡೆಗೆ. ಕೆಟ್ಟ ಕಾನೂನನ್ನು ಕಾನೂನಲ್ಲ ಎಂದು ಹೇಳಿ ಕೈತೊಳೆದುಕೊಂಡರೆ, ಕಾನೂನಿನ ಯಂತ್ರವೇ ಎಂಥ ಕ್ರೌರ್ಯಕ್ಕೆ ಒದಗಿಬರಬಲ್ಲದು ಎಂಬ ಅರಿವು ಮಸುಕಾಗುತ್ತದೆ. ಆದರೆ ರಾಡ್‌ಬ್ರುಖ್ ಸೂತ್ರ ಬರೀ ಪಾಂಡಿತ್ಯದ ವಸ್ತುವಾಗಿ ಉಳಿಯಲಿಲ್ಲ. ಪೂರ್ವ ಜರ್ಮನಿಯಿಂದ ಪರಾರಿಯಾಗುತ್ತಿದ್ದವರನ್ನು ಗುಂಡಿಕ್ಕಿ ಕೊಂದ ಗಡಿ ಕಾವಲುಗಾರರು ತಮ್ಮ ದೇಶದ ಗಡಿ ಕಾನೂನಿನ ಆಸರೆ ಬೇಡಿದಾಗ, ಒಂದಾದ ಜರ್ಮನಿಯ ಉನ್ನತ ನ್ಯಾಯಾಲಯ 1992ರಲ್ಲಿ ಆ ಸೂತ್ರವನ್ನೂ ಅಂತಾರಾಷ್ಟ್ರೀಯ ಮಾನವ ಹಕ್ಕುಗಳ ಒಪ್ಪಂದವನ್ನೂ ಆಧರಿಸಿ ಅದನ್ನು ತಿರಸ್ಕರಿಸಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ತನ್ನದೇ ಬೇರೆ ಕಾರಣಗಳ ಮೇಲೆ 2001ರಲ್ಲಿ ಇಂಥ ಶಿಕ್ಷೆಗಳನ್ನು ಎತ್ತಿಹಿಡಿಯಿತು.

ಪ್ರಶ್ನೆ: ಬಲಶಾಲಿಗಳು ತಮಗೆ ಬೇಕಾದಂತೆ ಕಾನೂನು ಮಾಡಿಕೊಂಡು ಅದಕ್ಕೆ ನ್ಯಾಯವೆಂಬ ಹೆಸರಿಡುತ್ತಾರೆ. ತತ್ತ್ವಜ್ಞಾನಿಗಳು ಇದನ್ನು ಒಪ್ಪಿಕೊಳ್ಳಲು ಯಾಕೆ ಹಿಂಜರಿಯುತ್ತಾರೆ?

ಉತ್ತರ: ಹಿಂಜರಿದಿಲ್ಲ. ಪ್ಲೇಟೋನ ‘ರಿಪಬ್ಲಿಕ್’ ಕೃತಿಯ ಮೊದಲ ಭಾಗದಲ್ಲೇ ಥ್ರಾಸಿಮಾಕಸ್ ಎಂಬಾತ ನಿಮ್ಮ ಮಾತನ್ನೇ ಆಡುತ್ತಾನೆ: ನ್ಯಾಯವೆಂದರೆ ಬಲಶಾಲಿಯ ಹಿತ. ಸಾಕ್ರಟೀಸ್ ಅವನನ್ನು ಸಿಕ್ಕಿಸುವುದು ಸಣ್ಣದೊಂದು ಪ್ರಶ್ನೆಯಿಂದ. ಆಳುವವರು ತಮ್ಮ ಹಿತ ಯಾವುದೆಂಬುದರಲ್ಲೇ ಎಡವಿ ತಮಗೆ ಕೇಡಾಗುವ ಕಾನೂನನ್ನು ಮಾಡಿದರೆ, ಅದನ್ನು ಪಾಲಿಸುವುದು ನ್ಯಾಯವೋ ಅಲ್ಲವೋ? ಈ ಪ್ರಶ್ನೆ ಚುರುಕಾಗಿದೆ, ಆದರೆ ಥ್ರಾಸಿಮಾಕಸನ ಅನುಮಾನವನ್ನು ಪೂರ್ತಿ ತೊಡೆಯುವುದಿಲ್ಲ.

ನನಗೆ ಹೆಚ್ಚು ಬಲವಾಗಿ ತೋರುವ ಉತ್ತರ ಬಂದದ್ದು ಒಬ್ಬ ಮಾರ್ಕ್ಸ್‌ವಾದಿ ಇತಿಹಾಸಕಾರನಿಂದ. ಇಂಗ್ಲೆಂಡಿನಲ್ಲಿ 1723ರಲ್ಲಿ ಜಾರಿಗೆ ಬಂದ ಬ್ಲ್ಯಾಕ್ ಆ್ಯಕ್ಟ್, ಜಿಂಕೆ ಬೇಟೆ, ಮರ ಕಡಿಯುವಿಕೆ ಇತ್ಯಾದಿ ಹತ್ತಾರು ಕೃತ್ಯಗಳಿಗೆ ಮರಣದಂಡನೆ ವಿಧಿಸಿತ್ತು. ಇ.ಪಿ. ಥಾಂಪ್ಸನ್ ಅದರ ಚರಿತ್ರೆಯನ್ನು 1975ರಲ್ಲಿ ಬರೆದಾಗ, ಆಸ್ತಿವಂತರು ಕಾನೂನನ್ನು ಹೇಗೆ ಆಯುಧವಾಗಿ ಬಳಸಿಕೊಂಡರು ಎಂಬುದನ್ನು ಎಲ್ಲೂ ಮೃದುಗೊಳಿಸಲಿಲ್ಲ. ಆದರೂ ಕೊನೆಯಲ್ಲಿ ಅವರು ಹೇಳಿದ್ದು ಅವರ ಸಂಗಾತಿಗಳನ್ನೇ ಕೆರಳಿಸಿತು: ಕಣ್ಣಿಗೆ ರಾಚುವಷ್ಟು ಪಕ್ಷಪಾತಿಯಾದ ಕಾನೂನು ಯಾರನ್ನೂ ನಂಬಿಸಲಾರದು, ನಂಬಿಸಬೇಕಾದರೆ ಅದು ಆಗಾಗ ನಿಜವಾಗಿಯೂ ನ್ಯಾಯ ಕೊಡಲೇಬೇಕು, ಹಾಗೆ ಕೊಡತೊಡಗಿದ ಮೇಲೆ ಅದು ಆಳುವವರ ಕೈಯನ್ನೂ ಕಟ್ಟುತ್ತದೆ. ಅಧಿಕಾರಕ್ಕೆ ಕಾನೂನಿನ ಕಡಿವಾಣ ಇರುವುದು ನಿಸ್ಸಂದೇಹವಾಗಿ ಮಾನವಹಿತದ ಸಂಗತಿ ಎಂದರು. ಬಲಶಾಲಿಗಳು ಕಾನೂನು ಮಾಡುತ್ತಾರೆ ಎಂಬುದು ಎಷ್ಟೋ ಸಲ ನಿಜ. ಆದ್ದರಿಂದ ಕಾನೂನೆಂದರೆ ಅಷ್ಟೇ ಎಂಬುದು ಅದರಿಂದ ಹೊರಡುವುದಿಲ್ಲ.

ಪ್ರಶ್ನೆ: ಜಾನ್ ರಾಲ್ಸ್ ಹೇಳುವ ‘ಅಜ್ಞಾನದ ಪರದೆ’ ಶುದ್ಧ ಕಲ್ಪನೆ. ಯಾರೂ ಅದರ ಹಿಂದೆ ಕುಳಿತು ಒಪ್ಪಂದಕ್ಕೆ ಸಹಿ ಹಾಕಿಲ್ಲ. ಇದರಿಂದ ಶಾಸನ ಮಾಡುವವರಿಗೆ ಏನು ಪ್ರಯೋಜನ? ನೋಜಿಕ್ ಇದನ್ನು ಪೂರ್ತಿ ಉರುಳಿಸಿದರು ಎನ್ನುತ್ತಾರಲ್ಲ?

ಉತ್ತರ: ಮೊದಲು ಕಲ್ಪನೆಯ ವಿಷಯ. ತನ್ನ ಜಾತಿ, ವರ್ಗ, ಲಿಂಗ, ಪ್ರತಿಭೆ, ನಂಬಿಕೆ ಯಾವುದೂ ಗೊತ್ತಿಲ್ಲದ ಸ್ಥಿತಿಯಲ್ಲಿ ಒಬ್ಬ ವ್ಯಕ್ತಿ ಸಮಾಜಕ್ಕೆ ಎಂಥ ತತ್ತ್ವಗಳನ್ನು ಆರಿಸಿಕೊಂಡಾನು ಎಂದು ಅಮೆರಿಕದ ತತ್ತ್ವಜ್ಞಾನಿ ರಾಲ್ಸ್ 1971ರಲ್ಲಿ ಕೇಳಿದರು. ಕಲ್ಪಿತ ಒಪ್ಪಂದ ಯಾರನ್ನೂ ಒಪ್ಪಂದವಾಗಿ ಕಟ್ಟಿಹಾಕುವುದಿಲ್ಲ ಎಂಬ ನಿಮ್ಮ ಆಕ್ಷೇಪವನ್ನು ಕಾನೂನು ತತ್ತ್ವಜ್ಞಾನಿ ರೊನಾಲ್ಡ್ ಡ್ವೋರ್ಕಿನ್ ಬಹಳ ಹಿಂದೆಯೇ ಎತ್ತಿದ್ದರು, ಅದು ಸರಿಯೂ ಹೌದು. ಆದರೆ ರಾಲ್ಸ್ ಅಲ್ಲಿ ಹುಡುಕುತ್ತಿರುವುದು ಸಹಿಯನ್ನಲ್ಲ. ಒಂದು ನಿಯಮವನ್ನು ಸಮರ್ಥಿಸಲು ಕೊಡುವ ಕಾರಣಗಳಲ್ಲಿ ಯಾವುದು ಸ್ವಾರ್ಥದ ಕಾರಣ, ಯಾವುದು ಎಲ್ಲರ ಮುಂದೆ ಇಡಬಹುದಾದ ಕಾರಣ ಎಂದು ಬೇರ್ಪಡಿಸುವ ಜರಡಿ ಅದು. ಭೂಮಾಲೀಕನು ತಾನು ಭೂಮಾಲೀಕನೆಂದು ತಿಳಿದಿರುವುದರಿಂದಲೇ ಒಪ್ಪುವ ಕಾನೂನು ಆ ಜರಡಿಯಲ್ಲಿ ನಿಲ್ಲುವುದಿಲ್ಲ.

ಪರದೆಯ ಹಿಂದೆ ಆಯ್ಕೆಯಾಗುವ ತತ್ತ್ವಗಳು ಎರಡು. ಎಲ್ಲರಿಗೂ ಸಮಾನವಾದ ಮೂಲಭೂತ ಸ್ವಾತಂತ್ರ್ಯಗಳು ಮೊದಲನೆಯದು. ಸಾಮಾಜಿಕ, ಆರ್ಥಿಕ ಅಸಮಾನತೆಗಳು ಇರುವುದಾದರೆ, ಹುದ್ದೆಗಳು ನ್ಯಾಯವಾದ ಅವಕಾಶ ಸಮಾನತೆಯಲ್ಲಿ ಎಲ್ಲರಿಗೂ ತೆರೆದಿರಬೇಕು ಮತ್ತು ಆ ಅಸಮಾನತೆಗಳಿಂದ ಅತ್ಯಂತ ಹಿಂದುಳಿದವರಿಗೆ ಗರಿಷ್ಠ ಅನುಕೂಲವಾಗಬೇಕು ಎಂಬುದು ಎರಡನೆಯದು. ಒಟ್ಟು ಸುಖ ಹೆಚ್ಚುತ್ತದೆ ಎಂಬ ಲೆಕ್ಕಕ್ಕೆ ಕೆಲವರ ಸ್ವಾತಂತ್ರ್ಯವನ್ನು ಬಲಿಕೊಡಬಹುದು ಎಂಬ ಉಪಯುಕ್ತತಾವಾದದ ಸಾಧ್ಯತೆಯನ್ನು ಮುಚ್ಚುವುದೇ ಇದರ ಮುಖ್ಯ ಗುರಿ.

ಶಾಸನ ಮಾಡುವವರಿಗೆ ಏನು ಪ್ರಯೋಜನ ಎಂದಿರಿ. ರಾಲ್ಸ್‌ರನ್ನು ಓದುವವರು ಅವರ ಗ್ರಂಥದ ಮೊದಲ ಅಧ್ಯಾಯಗಳಿಗೇ ನಿಂತುಬಿಡುವುದರಿಂದ ಇದು ತಪ್ಪಿಹೋಗುತ್ತದೆ. ತತ್ತ್ವಗಳಿಂದ ತೀರ್ಪಿನವರೆಗೆ ಅವರು ನಾಲ್ಕು ಹಂತಗಳನ್ನು ಇಟ್ಟಿದ್ದಾರೆ: ತತ್ತ್ವಗಳ ಆಯ್ಕೆ, ಸಂವಿಧಾನ ರಚನೆ, ಶಾಸನ ರಚನೆ, ಕೊನೆಗೆ ನ್ಯಾಯಾಧೀಶರು ಮತ್ತು ಅಧಿಕಾರಿಗಳಿಂದ ನಿಯಮಗಳ ಅನ್ವಯ. ಹಂತ ಹಂತವಾಗಿ ಪರದೆ ಮೇಲೇಳುತ್ತದೆ. ಕೊನೆಯ ಹಂತದಲ್ಲಿ ಎಲ್ಲ ಸಂಗತಿಗಳೂ ಕಣ್ಣಮುಂದಿರುತ್ತವೆ. ಸ್ವಾತಂತ್ರ್ಯದ ತತ್ತ್ವ ಸಂವಿಧಾನದಲ್ಲೇ ಸೇರಬೇಕು, ಏಕೆಂದರೆ ಅದರ ಉಲ್ಲಂಘನೆ ಸಾಮಾನ್ಯವಾಗಿ ಸ್ಪಷ್ಟವಾಗಿ ಕಾಣುತ್ತದೆ. ಎರಡನೆಯ ತತ್ತ್ವ ಶಾಸನದ ಹಂತಕ್ಕೆ ಸೇರಿದ್ದು, ಏಕೆಂದರೆ ಒಂದು ತೆರಿಗೆ ಕಾನೂನು ಬಡವರಿಗೆ ನಿಜಕ್ಕೂ ಒಳಿತು ಮಾಡೀತೇ ಎಂಬ ಬಗ್ಗೆ ಪ್ರಾಮಾಣಿಕರ ನಡುವೆಯೂ ಭಿನ್ನಾಭಿಪ್ರಾಯ ಇರುತ್ತದೆ. ನ್ಯಾಯದ ಯಾವ ಭಾಗವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು, ಯಾವುದನ್ನು ಚುನಾಯಿತ ಸಭೆಗೆ ಬಿಡಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ಯೋಚನಾಪೂರ್ಣವಾದ ಉತ್ತರಗಳು ವಿರಳ.

ಅಮೆರಿಕದ ಇನ್ನೊಬ್ಬ ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ಹೂಡಿದ ದಾಳಿ ಜಾಣತನದ್ದು. ನಿಮಗೆ ಇಷ್ಟವಾದ ರೀತಿಯಲ್ಲೇ ಸಂಪತ್ತು ಹಂಚಿಹೋಗಿದೆ ಎಂದಿಟ್ಟುಕೊಳ್ಳಿ ಎನ್ನುತ್ತಾರೆ ಅವರು. ಬ್ಯಾಸ್ಕೆಟ್‌ಬಾಲ್ ತಾರೆ ವಿಲ್ಟ್ ಚೇಂಬರ್ಲಿನ್‌ನ ಆಟ ನೋಡಲು ಹತ್ತು ಲಕ್ಷ ಜನ ತಲಾ 25 ಸೆಂಟನ್ನು ಅವನಿಗೆಂದೇ ಸಂತೋಷದಿಂದ ಕೊಡುತ್ತಾರೆ. ಹಂಗಾಮು ಮುಗಿಯುವಾಗ ಅವನ ಕೈಯಲ್ಲಿ 2,50,000 ಡಾಲರ್. ಮೊದಲಿದ್ದ ಹಂಚಿಕೆ ಕೆಟ್ಟಿತು. ಆದರೆ ಯಾರಿಗೆ ಅನ್ಯಾಯವಾಯಿತು? ಹಂಚಿಕೆಯ ಮಾದರಿಯೊಂದನ್ನು ಕಾಪಾಡಬೇಕಾದರೆ ಜನರ ಬದುಕಿನಲ್ಲಿ ಸದಾ ಕೈಹಾಕುತ್ತಲೇ ಇರಬೇಕಾಗುತ್ತದೆ, ದುಡಿಮೆಯ ಮೇಲಿನ ತೆರಿಗೆ ಬಲವಂತದ ದುಡಿಮೆಗೆ ಸಮ ಎಂಬಲ್ಲಿಗೆ ಅವರು ಮುಟ್ಟುತ್ತಾರೆ.

ಉರುಳಿಸಿದರೇ? ನಾನು ಹಾಗೆ ಭಾವಿಸುವುದಿಲ್ಲ. ರಾಲ್ಸ್ ಮಾತನಾಡುವುದು ಆಟಗಾರ ಮತ್ತು ಪ್ರೇಕ್ಷಕರ ನಡುವಿನ ವ್ಯವಹಾರದ ಬಗ್ಗೆ ಅಲ್ಲ; ಆ ವ್ಯವಹಾರಕ್ಕೆ ಚೌಕಟ್ಟಾದ ಆಸ್ತಿ, ಕರಾರು, ವಾರಸು, ತೆರಿಗೆ ಕಾನೂನುಗಳ ಬಗ್ಗೆ. ಕೈಗೆ ಬಂದ ಹಣದಲ್ಲಿ ಎಷ್ಟು ತನ್ನದೆಂದು ಹೇಳುವುದೂ ಕಾನೂನೇ ಅಲ್ಲವೇ? ಮೇಲಾಗಿ, ಆಸ್ತಿ ನ್ಯಾಯವಾಗಿ ಬಂದಿದ್ದರೆ ಮಾತ್ರ ಅದರ ಮೇಲಿನ ಹಕ್ಕು ನ್ಯಾಯ ಎಂಬುದು ನೋಜಿಕ್ ಸಿದ್ಧಾಂತದ ಬುನಾದಿ. ಚರಿತ್ರೆಯಲ್ಲಿ ಕಸಿದುಕೊಂಡು ಕೂಡಿಟ್ಟ ಆಸ್ತಿ ಎಷ್ಟಿದೆ ಎಂದು ನೋಡಿದರೆ, ಹಳೆಯ ಅನ್ಯಾಯವನ್ನು ಸರಿಪಡಿಸಲು ಸ್ವಲ್ಪ ಕಾಲ ಹೆಚ್ಚು ವಿಸ್ತಾರವಾದ ಸರ್ಕಾರವೇ ಬೇಕಾದೀತು ಎಂದು ಅವರೇ ಒಪ್ಪುತ್ತಾರೆ. ಅವರ ಹೆಸರು ಹೇಳಿ ತೆರಿಗೆಯನ್ನು ಬೈಯುವವರು ಆ ಪುಟವನ್ನು ತಿರುವಿದಂತೆ ಕಾಣುವುದಿಲ್ಲ.

ಅಮರ್ತ್ಯ ಸೇನ್ 2009ರಲ್ಲಿ ಬೇರೆಯೇ ದಿಕ್ಕಿನಿಂದ ಬಂದರು. ಒಂದು ಕೊಳಲಿಗಾಗಿ ಮೂವರು ಮಕ್ಕಳು ಜಗಳವಾಡುತ್ತಾರೆ: ನುಡಿಸಲು ಬರುವುದು ತನಗೆ ಮಾತ್ರ ಎಂದು ಒಬ್ಬಳು, ತನಗೆ ಬೇರೆ ಆಟಿಕೆಯೇ ಇಲ್ಲ ಎಂದು ಒಬ್ಬ, ಮಾಡಿದವಳು ನಾನು ಎಂದು ಮತ್ತೊಬ್ಬಳು. ಉಪಯುಕ್ತತಾವಾದಿ, ಸಮಾನತಾವಾದಿ, ದುಡಿಮೆಯ ಹಕ್ಕಿನ ಪ್ರತಿಪಾದಕ ತಲಾ ಒಬ್ಬೊಬ್ಬರ ಪರ ನಿಲ್ಲುತ್ತಾರೆ, ಯಾರ ವಾದವೂ ಹುಸಿಯಲ್ಲ. ಪರಿಪೂರ್ಣ ನ್ಯಾಯದ ನಕ್ಷೆ ಸಿದ್ಧವಾಗುವವರೆಗೆ ಕಾಯಬೇಕಿಲ್ಲ, ಎದುರಿಗಿರುವ ಎರಡು ಸ್ಥಿತಿಗಳಲ್ಲಿ ಯಾವುದು ಕಡಿಮೆ ಅನ್ಯಾಯದ್ದು ಎಂದು ತೂಗಲು ಸಾರ್ವಜನಿಕ ವಿಚಾರ ಸಾಕು ಎಂಬುದು ಸೇನ್ ವಾದ. ಗುಲಾಮಗಿರಿ ತಪ್ಪು ಎಂದು ತಿಳಿಯಲು ಆದರ್ಶ ಸಮಾಜ ಹೇಗಿರುತ್ತದೆ ಎಂದು ಗೊತ್ತಿರಬೇಕಿರಲಿಲ್ಲ. ಮಸೂದೆಯೊಂದರ ಕರಡು ಕೈಯಲ್ಲಿ ಹಿಡಿದು ಕೂತವರಿಗೆ ರಾಲ್ಸ್‌ಗಿಂತ ಸೇನ್ ಬೇಗ ಒದಗುತ್ತಾರೆ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನ್ಯಾಯಾಧೀಶರ ಕೆಲಸ ಕಾನೂನನ್ನು ಅನ್ವಯಿಸುವುದೋ, ನ್ಯಾಯ ಕೊಡುವುದೋ? ಎರಡೂ ಒಂದಕ್ಕೊಂದು ಎದುರಾದರೆ?

ಉತ್ತರ: ನ್ಯೂಯಾರ್ಕ್ ರಾಜ್ಯದ ಒಂದು ಮೊಕದ್ದಮೆಯಿಂದ ಶುರು ಮಾಡುತ್ತೇನೆ. ಫ್ರಾನ್ಸಿಸ್ ಪಾಮರ್ ಎಂಬ ಮುದುಕ 1880ರಲ್ಲಿ ಉಯಿಲು ಬರೆದು, ಹೆಣ್ಣುಮಕ್ಕಳಿಬ್ಬರಿಗೆ ಸಣ್ಣ ಪಾಲು ಕೊಟ್ಟು, ಆಸ್ತಿಯ ಬಹುಭಾಗವನ್ನು ಮೊಮ್ಮಗ ಎಲ್ಮರ್‌ಗೆ ಬಿಟ್ಟ. ಅಜ್ಜ ಉಯಿಲು ಬದಲಾಯಿಸಿಬಿಟ್ಟಾನು ಎಂಬ ಭಯದಿಂದ, ಹದಿನಾರರ ಎಲ್ಮರ್ 1882ರಲ್ಲಿ ಅವನಿಗೆ ವಿಷ ಹಾಕಿ ಕೊಂದ. ಕೊಲೆಗೆ ಶಿಕ್ಷೆಯಾಯಿತು. ಆಸ್ತಿ? ಉಯಿಲು ಕ್ರಮಬದ್ಧವಾಗಿತ್ತು, ಕೊಲೆಗಾರ ವಾರಸುದಾರನಾಗಬಾರದು ಎಂದು ಉಯಿಲಿನ ಶಾಸನದಲ್ಲಿ ಒಂದು ಪದವೂ ಇರಲಿಲ್ಲ. ಹೆಣ್ಣುಮಕ್ಕಳು ನ್ಯಾಯಾಲಯಕ್ಕೆ ಹೋದರು. 1889ರ ತೀರ್ಪಿನಲ್ಲಿ ಬಹುಮತದ ಪರವಾಗಿ ಬರೆದ ನ್ಯಾಯಾಧೀಶ ಅರ್ಲ್, ಯಾರೂ ತನ್ನ ದುಷ್ಕೃತ್ಯದಿಂದ ಲಾಭ ಪಡೆಯಬಾರದು ಎಂಬ ತತ್ತ್ವ ಎಲ್ಲ ಕಾನೂನುಗಳ ಹಿಂದೆಯೂ ಇದೆ ಎಂದು ಹೇಳಿ ಎಲ್ಮರ್‌ಗೆ ಆಸ್ತಿ ನಿರಾಕರಿಸಿದರು. ಭಿನ್ನಮತದ ನ್ಯಾಯಾಧೀಶ ಗ್ರೇ, ಶಾಸನಸಭೆ ಹಾಕದ ಷರತ್ತನ್ನು ನಾವು ಹಾಕುವಂತಿಲ್ಲ, ಕೊಲೆಗೆ ಕೊಟ್ಟ ಶಿಕ್ಷೆಯ ಮೇಲೆ ಆಸ್ತಿಯನ್ನೂ ಕಿತ್ತುಕೊಂಡರೆ ಅದು ಕಾನೂನಿನಲ್ಲಿಲ್ಲದ ಇನ್ನೊಂದು ಶಿಕ್ಷೆಯಾಗುತ್ತದೆ ಎಂದರು.

ಎಲ್ಮರ್‌ಗೆ ಆಸ್ತಿ ಹೋಗಬಾರದಿತ್ತು ಎಂದು ಬಹುತೇಕ ಎಲ್ಲರಿಗೂ ಅನ್ನಿಸುತ್ತದೆ. ಆದರೂ ಗ್ರೇ ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಇಂದು ಒಳ್ಳೆಯ ತತ್ತ್ವವೊಂದರ ಹೆಸರಿನಲ್ಲಿ ಶಾಸನದ ಪಠ್ಯವನ್ನು ದಾಟುವ ಕೈ ನಾಳೆ ಕೆಟ್ಟ ತತ್ತ್ವದ ಹೆಸರಿನಲ್ಲೂ ದಾಟಬಹುದು. ಡ್ವೋರ್ಕಿನ್ 1967ರಲ್ಲಿ ಈ ಪ್ರಕರಣವನ್ನೇ ಎತ್ತಿಕೊಂಡು ಹಾರ್ಟ್‌ಗೆ ಸವಾಲು ಹಾಕಿದರು. ಕಾನೂನೆಂದರೆ ನಿಯಮಗಳ ಪಟ್ಟಿಯಷ್ಟೇ ಅಲ್ಲ, ತತ್ತ್ವಗಳೂ ಅದರ ಭಾಗ. ಆದ್ದರಿಂದ ಅರ್ಲ್ ಕಾನೂನನ್ನು ಬಿಟ್ಟು ನ್ಯಾಯದ ಕಡೆ ಹೋಗಲಿಲ್ಲ, ಕಾನೂನಿನೊಳಗೇ ಇದ್ದ ನ್ಯಾಯವನ್ನು ಓದಿದರು. ಇದರ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿರುವ ‘ಅಥವಾ’ ಹೆಚ್ಚಿನ ಪ್ರಕರಣಗಳಲ್ಲಿ ಹುಟ್ಟುವುದೇ ಇಲ್ಲ.

ನಾನು ಇಲ್ಲಿ ಇನ್ನೂ ಹಿಂದಕ್ಕೆ, ಅರಿಸ್ಟಾಟಲನ ಬಳಿಗೆ ಹೋಗಲು ಇಷ್ಟಪಡುತ್ತೇನೆ. ಕಾನೂನು ಸಾಮಾನ್ಯ ಮಾತಿನಲ್ಲಿಯೇ ಆಡಬೇಕು, ಬದುಕು ಮಾತ್ರ ಆ ಸಾಮಾನ್ಯದಲ್ಲಿ ಪೂರ್ತಿ ಹಿಡಿಸುವುದಿಲ್ಲ. ತಪ್ಪು ಕಾನೂನಿನದೂ ಅಲ್ಲ, ಅದನ್ನು ಮಾಡಿದವನದೂ ಅಲ್ಲ, ವಿಷಯದ ಸ್ವಭಾವವೇ ಹಾಗೆ ಎಂದು ಆತ ತನ್ನ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಬರೆದಿದ್ದಾನೆ. ಅಂಥ ಸಂದರ್ಭದಲ್ಲಿ, ಶಾಸನ ಮಾಡಿದವನು ಎದುರಿಗಿದ್ದು ಈ ಪ್ರಕರಣವನ್ನು ಕಂಡಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಹೇಳಿ ಕಾನೂನನ್ನು ತಿದ್ದಬೇಕು. ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸಗಾರರು ಬಳಸುತ್ತಿದ್ದ, ಕಲ್ಲಿನ ಆಕಾರಕ್ಕೆ ಬಾಗುವ ಸೀಸದ ಅಳತೆಪಟ್ಟಿಯನ್ನು ಅವನು ಅಲ್ಲಿ ನೆನೆಯುತ್ತಾನೆ. ಈ ಅಳತೆಯಿಂದ ನೋಡಿದರೆ ಎಲ್ಮರ್ ಪ್ರಕರಣ ಸುಲಭ: ಉಯಿಲಿನ ಶಾಸನ ಮಾಡಿದ ಯಾವ ಸಭೆಯೂ, ಕೇಳಿದ್ದರೆ, ಕೊಂದವನಿಗೆ ಆಸ್ತಿ ಸೇರಲಿ ಎನ್ನುತ್ತಿರಲಿಲ್ಲ. ಇದಕ್ಕೆ ಮಿತಿಯೂ ಇದೆ. ಶಾಸನಸಭೆ ಅನ್ಯಾಯವನ್ನೇ ಬಯಸಿ, ಅದನ್ನು ಸ್ಪಷ್ಟ ಪದಗಳಲ್ಲಿ ಬರೆದಿದ್ದರೆ, ಅದರ ಉದ್ದೇಶವನ್ನು ಊಹಿಸಿ ನ್ಯಾಯ ತರಲಾಗುವುದಿಲ್ಲ. ಆಗ ನ್ಯಾಯಾಧೀಶರ ಮುಂದೆ ಇರುವುದು ಅದೇ ಹಳೆಯ ದಾರಿಗಳು: ಸಂವಿಧಾನದ ಅಡಿಯಲ್ಲಿ ಅದನ್ನು ರದ್ದುಮಾಡುವ ಅಧಿಕಾರವಿದ್ದರೆ ರದ್ದುಮಾಡುವುದು, ಮನಸ್ಸಿಲ್ಲದೆ ಅನ್ವಯಿಸುವುದು, ಇಲ್ಲವೇ ಹುದ್ದೆ ಬಿಡುವುದು.

ಪ್ರಶ್ನೆ: ಶಿಕ್ಷೆ ಕೊಡುವುದು ಮಾಡಿದ ತಪ್ಪಿಗೋ, ಮುಂದೆ ತಪ್ಪು ನಡೆಯದಿರಲಿ ಎಂದೋ?

ಉತ್ತರ: ಚಿಕ್ಕದಾಗಿ ಹೇಳುತ್ತೇನೆ. ಜರ್ಮನ್ ತತ್ತ್ವಜ್ಞಾನಿ ಕಾಂಟ್ 1797ರ ಗ್ರಂಥದಲ್ಲಿ ಅಪರಾಧಿಗೆ ಸಲ್ಲಬೇಕಾದ್ದು ಸಲ್ಲಲೇಬೇಕು ಎಂದು ಹಟ ಹಿಡಿದ. ದ್ವೀಪವೊಂದರ ಜನರೆಲ್ಲ ಸಮಾಜವನ್ನೇ ವಿಸರ್ಜಿಸಿ ಚದುರಿಹೋಗುವುದಾದರೂ, ಸೆರೆಯಲ್ಲಿರುವ ಕೊನೆಯ ಕೊಲೆಗಾರನನ್ನು ಮೊದಲು ಗಲ್ಲಿಗೇರಿಸಿ ಹೋಗಬೇಕು ಎಂದ. ಬೆಂಥಮ್ ಪ್ರಕಾರ ಶಿಕ್ಷೆ ತನ್ನಷ್ಟಕ್ಕೆ ಕೇಡೇ. ಅದಕ್ಕಿಂತ ದೊಡ್ಡ ಕೇಡನ್ನು ತಡೆಯುವುದಾದರೆ ಮಾತ್ರ ಅದಕ್ಕೆ ಅವಕಾಶ. ಮೊದಲನೆಯವನ ಪ್ರಕಾರ ಯಾರಿಗೂ ಪ್ರಯೋಜನವಿಲ್ಲದ ಶಿಕ್ಷೆಯನ್ನೂ ಕೊಡಬೇಕಾಗುತ್ತದೆ. ಎರಡನೆಯದನ್ನು ತುದಿಯವರೆಗೆ ಎಳೆದರೆ ಜನರಲ್ಲಿ ಹೆದರಿಕೆ ಹುಟ್ಟಿಸಲು ನಿರಪರಾಧಿಯನ್ನೂ ಶಿಕ್ಷಿಸಬಹುದಾಗುತ್ತದೆ. ಹಾರ್ಟ್ 1959ರಲ್ಲಿ ಇದನ್ನು ಬಿಡಿಸಿದ ಬಗೆ ನನಗೆ ಸರಿಯೆನ್ನಿಸುತ್ತದೆ: ಶಿಕ್ಷೆಯ ವ್ಯವಸ್ಥೆ ಯಾಕಿರಬೇಕು ಎಂಬುದಕ್ಕೆ ಬೆಂಥಮ್ ಉತ್ತರ, ಯಾರಿಗೆ ಕೊಡಬಹುದು ಎಂಬುದಕ್ಕೆ ತಪ್ಪು ಮಾಡಿದವರಿಗೆ ಮಾತ್ರ ಎಂಬ ಉತ್ತರ. ಎಷ್ಟು ಕೊಡಬೇಕು ಎಂಬಲ್ಲಿ ಎರಡೂ ಕಡೆಯವರು ಇನ್ನೂ ಜಗಳವಾಡುತ್ತಿದ್ದಾರೆ.

ಪ್ರಶ್ನೆ: ಒಂದು ಕಾನೂನು ಅನ್ಯಾಯವೆಂದು ನನಗೆ ಖಚಿತವಾದರೆ ಅದನ್ನು ಮುರಿಯುವ ಹಕ್ಕು ನನಗಿದೆಯೇ? ಎಲ್ಲರೂ ಹೀಗೆ ಮಾಡತೊಡಗಿದರೆ ಗತಿಯೇನು?

ಉತ್ತರ: ನಿಮ್ಮ ಎರಡನೆಯ ಮಾತು ಸಾಕ್ರಟೀಸನ ಬಾಯಲ್ಲಿ ಬಂದದ್ದೇ. ಅಥೆನ್ಸಿನ ಸೆರೆಮನೆಯಲ್ಲಿ ಸಾವಿಗಾಗಿ ಕಾಯುತ್ತಿದ್ದಾಗ, ಪಾರಾಗಿ ಹೋಗೋಣ ಎಂದು ಬಂದ ಗೆಳೆಯ ಕ್ರಿಟೋಗೆ ಅವನು ಕೇಳುತ್ತಾನೆ: ನ್ಯಾಯಾಲಯದ ತೀರ್ಪುಗಳನ್ನು ಒಬ್ಬೊಬ್ಬರೂ ತಮಗೆ ಬೇಕಾದಂತೆ ಕಡೆಗಣಿಸುವ ನಗರ ಉಳಿದೀತೇ? ತನಗಾದದ್ದು ಅನ್ಯಾಯ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಆದರೆ ಅದೇ ಸಾಕ್ರಟೀಸ್ ವಿಚಾರಣೆಯ ವೇಳೆ, ತತ್ತ್ವಚಿಂತನೆ ಬಿಡು ಎಂದು ನೀವು ಆಜ್ಞೆ ಮಾಡಿದರೂ ನಾನು ಬಿಡುವುದಿಲ್ಲ ಎಂದು ಘೋಷಿಸಿದ್ದ. ಅವನನ್ನು ಕುರುಡು ವಿಧೇಯತೆಯ ಪ್ರವಾದಿಯೆಂದು ತೋರಿಸುವವರು ಇದನ್ನು ಮರೆಯುತ್ತಾರೆ.

ಸವಿನಯ ಕಾನೂನುಭಂಗದ ಚಿಂತಕರು ಈ ಎರಡು ತುದಿಗಳ ನಡುವೆ ದಾರಿ ಹುಡುಕಿದವರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅಗಸ್ಟೀನ್, ಅಕ್ವಿನಾಸ್ ಇಬ್ಬರನ್ನೂ ಆಧಾರವಾಗಿ ತಂದರು. ಬಹುಸಂಖ್ಯಾತರು ತಾವು ಪಾಲಿಸದೆ ಅಲ್ಪಸಂಖ್ಯಾತರ ಮೇಲೆ ಮಾತ್ರ ಹೇರುವ ಕಾನೂನು, ಮತದಾನದ ಹಕ್ಕೇ ಇಲ್ಲದವರ ಮೇಲೆ ಹೇರುವ ಕಾನೂನು ಅನ್ಯಾಯದ್ದು ಎಂಬ ಗುರುತುಗಳನ್ನು ಕೊಟ್ಟರು. ಅದನ್ನು ಮುರಿಯುವವನು ಬಹಿರಂಗವಾಗಿ ಮುರಿದು, ಶಿಕ್ಷೆಯನ್ನು ಒಪ್ಪಿಕೊಳ್ಳಬೇಕು ಎಂದರು. ರಾಲ್ಸ್ ಅನಂತರ ಇದನ್ನು ಸಿದ್ಧಾಂತದ ರೂಪಕ್ಕೆ ತಂದು, ಅದು ಬಹಿರಂಗವಾದ, ಅಹಿಂಸಾತ್ಮಕವಾದ, ಕಾನೂನನ್ನೋ ನೀತಿಯನ್ನೋ ಬದಲಾಯಿಸುವ ಉದ್ದೇಶದ ಕೃತ್ಯವಾಗಿರಬೇಕು ಎಂದರು.

ಇವರೆಲ್ಲರಿಗಿಂತ ಮೊದಲೇ, 1922ರ ಮಾರ್ಚ್ 18ರಂದು, ಅಹಮದಾಬಾದಿನಲ್ಲಿ ಗಾಂಧೀಜಿಯವರ ರಾಜದ್ರೋಹದ ವಿಚಾರಣೆ ನಡೆದಿತ್ತು. ತಪ್ಪೊಪ್ಪಿಕೊಂಡು, ಅತ್ಯಂತ ಕಠಿಣ ಶಿಕ್ಷೆ ಕೊಡಿ ಎಂದು ಅವರೇ ಕೇಳಿದರು. ಈ ಕಾನೂನು ಕೆಟ್ಟದ್ದೆಂದು ನಿಮಗೆ ಅನ್ನಿಸಿದರೆ ಹುದ್ದೆ ಬಿಡಿ, ಒಳ್ಳೆಯದೆಂದು ಅನ್ನಿಸಿದರೆ ಪೂರ್ತಿ ಶಿಕ್ಷೆ ವಿಧಿಸಿ ಎಂದು ನ್ಯಾಯಾಧೀಶ ಬ್ರೂಮ್‌ಫೀಲ್ಡ್ ಮುಂದೆ ಎರಡೇ ದಾರಿಗಳನ್ನಿಟ್ಟರು. ಬ್ರೂಮ್‌ಫೀಲ್ಡ್ ಆರೋಪಿಯ ಬಗ್ಗೆ ತಮ್ಮ ಗೌರವವನ್ನು ಮರೆಮಾಚಲಿಲ್ಲ, ಸರ್ಕಾರ ಮುಂದೆ ಈ ಅವಧಿಯನ್ನು ಕಡಿಮೆ ಮಾಡಿದರೆ ತನಗೇ ಹೆಚ್ಚು ಸಂತೋಷ ಎಂದರು, ಆರು ವರ್ಷಗಳ ಸೆರೆಮನೆ ವಾಸವನ್ನೂ ವಿಧಿಸಿದರು. ಅದು ಕಾನೂನು ಎಂಬ ಬಗ್ಗೆ ಅಲ್ಲಿ ಇಬ್ಬರ ನಡುವೆ ಜಗಳವಿರಲಿಲ್ಲ. ಜಗಳವಿದ್ದದ್ದು ಅದರ ನ್ಯಾಯದ ಬಗ್ಗೆ. ಅದನ್ನು ಗಾಂಧೀಜಿ ನ್ಯಾಯಾಲಯದ ಕಟಕಟೆಯಿಂದಲೇ ಎತ್ತಿದರು.

ಹಾಗಾದರೆ ಹಕ್ಕಿದೆಯೇ? ಕಾನೂನು ತನ್ನನ್ನು ಮುರಿಯುವ ಹಕ್ಕನ್ನು ಯಾರಿಗೂ ಕೊಡಲಾರದು, ಆ ಅರ್ಥದಲ್ಲಿ ಇಲ್ಲ. ನೈತಿಕವಾಗಿ ಕೇಳಿದರೆ, ಪಾಲಿಸುವ ಕರ್ತವ್ಯ ನಾವು ಅಂದುಕೊಂಡಷ್ಟು ಗಟ್ಟಿಯಲ್ಲ. ಸಾಕಷ್ಟು ನ್ಯಾಯವಾದ ಸಮಾಜದಲ್ಲಿಯೂ ಕಾನೂನನ್ನು ಅದು ಕಾನೂನೆಂಬ ಒಂದೇ ಕಾರಣಕ್ಕೆ ಪಾಲಿಸುವ ಸಾಮಾನ್ಯ ಕರ್ತವ್ಯವಿಲ್ಲ ಎಂದು ಕಾನೂನು ತತ್ತ್ವಜ್ಞಾನಿ ಜೋಸೆಫ್ ರಾಜ್ 1979ರಲ್ಲಿ ವಾದಿಸಿದರು. ಕೊಲೆ ಮಾಡಬಾರದು ಎಂಬುದು ಶಾಸನ ಇಲ್ಲದಿದ್ದರೂ ನಿಲ್ಲುತ್ತದೆ, ರಸ್ತೆಯ ಯಾವ ಬದಿಯಲ್ಲಿ ಗಾಡಿ ಓಡಿಸಬೇಕು ಎಂಬುದನ್ನು ಇತರರ ಜೀವ ಉಳಿಯಲಿ ಎಂದು ಪಾಲಿಸುತ್ತೇವೆ. ಎಲ್ಲರೂ ಹೀಗೆ ಮಾಡಿದರೆ ಎಂಬ ಭಯಕ್ಕೆ ಉತ್ತರ ‘ಹೀಗೆ’ ಎಂಬುದು ಏನೆಂಬುದರಲ್ಲಿದೆ. ತನಗೆ ಅನುಕೂಲವಾದಾಗ ಗುಟ್ಟಾಗಿ ಕಾನೂನು ಮುರಿಯುವುದನ್ನು ಎಲ್ಲರೂ ಮಾಡಿದರೆ ವ್ಯವಸ್ಥೆ ಕುಸಿಯುತ್ತದೆ. ಅಹಿಂಸೆಯಿಂದ, ಎಲ್ಲರ ಕಣ್ಣೆದುರಿಗೆ, ಕಾರಣವನ್ನು ವಿವರಿಸಿ, ಶಿಕ್ಷೆಯನ್ನು ಸ್ವೀಕರಿಸಿ ಮುರಿಯುವುದನ್ನು ಅನ್ಯಾಯಕ್ಕೆ ಒಳಗಾದವರೆಲ್ಲ ಮಾಡಿದಾಗ, ಇತಿಹಾಸದಲ್ಲಿ ಹಲವು ಬಾರಿ, ಬದಲಾದದ್ದು ಆ ಕಾನೂನು.